ಮೂಲ ಎಂಬ ಕಲಂ

ಶಿರವಾಡದ ಒಂದು ಶೆಡ್ಡಿನಲ್ಲಿ ನಮ್ಮ ಕಂಪನಿ.
ಬಲಕ್ಕೆ ಐಸ್ ಕಾರ್ಖಾನೆ, ಎಡಕ್ಕೆ ಗೇರುಬೀಜ ಸುಲಿಯುವವರು,
ನಡುವೆ ನಾವು ಆರು ಜನ, ಎರಡು ಫ್ರಿಜ್ಜು,
ಹೊಲಿಗೆಯಿಲ್ಲದೆ ಗಾಯ ಮುಚ್ಚುವ ಅಂಟಿನ ಆಸೆ.
ನನ್ನ ಕೆಲಸ ಐಸ್‌ಪೆಟ್ಟಿಗೆ ತರುವುದು,
ಬೇಲೆಕೇರಿಯಿಂದ, ಸ್ಕೂಟರಿನ ಕಾಲಿಡುವಲ್ಲಿ ಇಟ್ಟು,
ಆಮೇಲೆ ಫಾರಮ್ಮು ತುಂಬುವುದು.

ಪೆಟ್ಟಿಗೆಯೊಳಗಿನದಕ್ಕೆ ಬೀರಮ್ಮ ಹರಿಕಂತ್ರ
ನೀಲಿಕಲ್ಲು ಅನ್ನುತ್ತಾಳೆ.
ನಮ್ಮ ಡಾಕ್ಟರು ಸುಲಕ್ಷಾ ತಾಂಡೇಲರಿಗೆ ಅದು ಶಿಣಾಣಿ,
ತಾಯಿ ಮಾಡುತ್ತಿದ್ದ ಸುಕ್ಕೆ ನೆನಪಾದಾಗ ಮಾತ್ರ.
ಉಳಿದ ಹೊತ್ತು ಪೆರ್ನಾ ವಿರಿಡಿಸ್,
ಬ್ಯಾಚು ಹದಿನೇಳು.

ಬಂಡೆ ಕಚ್ಚಿಕೊಳ್ಳುವ ಕಂದು ಎಳೆ ಅದರದ್ದು.
ಒದ್ದೆಯಲ್ಲೇ ಅಂಟುತ್ತದೆ,
ಅಲೆ ಬಡಿದಷ್ಟೂ ಬಿಗಿಯುತ್ತದೆ.

ಹದಿನೇಳನೆಯ ಬ್ಯಾಚು ಅಂಟಲಿಲ್ಲ.
ಹದಿನೆಂಟು ಹಂದಿಚರ್ಮದ ಮೇಲೆ ಗಂಜಿಯ ಹಾಗೆ ಜಾರಿತು.
ಬರ್ಗೆನ್ನಿನಿಂದ ಟೂರಿಡ್ ಬರೆದಳು: ಆಮ್ಲ ತಗ್ಗಿಸಿ ನೋಡಿ.
ಬುಸಾನಿನವರು: ನಾಲ್ಕು ಡಿಗ್ರಿಗೆ ಇಳಿಸಿ.
ಪುಣೆಯ ಸಲಹೆಗಾರರು ಬಿಲ್ಲು ಕಳಿಸಿ ಸುಮ್ಮನಾದರು.
ರಾತ್ರಿ ಪರದೆಯ ತುಂಬ ಮೂರು ದೇಶದ ಮುಖಗಳು,
ಮಾತಿನ ಹಿಂದೆ ಐಸ್ ಕಾರ್ಖಾನೆಯ ಗರಗರ.
ಯಾರದೋ ಬೆಕ್ಕು ಬಂದು ಕ್ಯಾಮೆರಾ ಮೂಸಿ ಹೋಯಿತು.

ಕೇಳು ಎಂದು ನನಗೆ ಯಾರೂ ಹೇಳಿರಲಿಲ್ಲ.
ದುಡ್ಡು ಎಣಿಸಿ ಕೊಡುವಾಗ ಬಾಯಿಂದ ಜಾರಿತು ಅಷ್ಟೆ.

"ಈಗೆಂತಾ ಅಂಟ್ತದೆ ತಮಾ?
ಹಟ್ಟಿಕೇರಿ ಹಳ್ಳ ಇಡೀ ಶ್ರಾವಣ
ಸಿಹಿನೀರು ಕುಡ್ಸಿದೆ ಅದ್ಕೆ.
ಕೈಯಲ್ಲಿ ಎಳೆದ್ರೂ ಬತ್ತದೆ.
ಕತ್ತಿ ಬೇಕಾಗೋ ದಿವ್ಸ ಬಾ, ದೀಪಾವಳಿ ಕಳೀಲಿ.
ಅದೂ ಒಳಗಿನ ಕಲ್ಲಲ್ಲ,
ಹೊಡ್ತ ತಿನ್ನೋ ಮೂಲೆದು."

ಹೊಡ್ತ ತಿನ್ನೋ ಮೂಲೆ.
ಅದನ್ನು ನಾನು ಹರಕು ಇಂಗ್ಲಿಷಿಗೆ ತಿರುಗಿಸಿದೆ,
ಡಾಕ್ಟರು ಲವಣಾಂಶಕ್ಕೆ ತಿರುಗಿಸಿದರು,
ಬುಸಾನಿನವರು ಏರಿಳಿಯುವ ಒಂದು ಗೆರೆಗೆ.
ಕಾರ್ತಿಕದಲ್ಲಿ ಇಪ್ಪತ್ತೆರಡನೆಯ ಬ್ಯಾಚು
ಚರ್ಮ ಹರಿದರೂ ಬಿಡಲಿಲ್ಲ.

ಫಾರಮ್ಮಿನಲ್ಲಿ ಒಂದು ಕಲಂ ಇದೆ, ಮೂಲ.
ಮೊದಲೆಲ್ಲ 'ಸ್ಥಳೀಯ' ಎಂದು ಗೀಚುತ್ತಿದ್ದೆ.
ಈ ಸಲ ಹೊಡೆದುಹಾಕಿ ಹೆಸರು ಬರೆದೆ;
ಹರಿಕಂತ್ರದ 'ತ್ರ' ಗೆರೆ ದಾಟಿ ಪಕ್ಕದ ಮನೆಗೆ ಹೋಯಿತು.
ಪಂಚಾಯ್ತಿಯ ಜೀವವೈವಿಧ್ಯ ಸಮಿತಿಗೆ ಅರ್ಜಿ,
ನೂರಕ್ಕೆ ಎಷ್ಟು ಪಾಲು ಎಂಬ ಕಾಗದ,
ಸಹಿ ಕೇಳಲು ಹೋದರೆ ಅವಳು ನಕ್ಕಳು.

"ನಂದು ಹೇಳಿ ಎಂತದ?
ನಂಗೆ ಹೇಳಿದ್ದು ಬೇತುಲಿನ ಕಾತರಿನ್ ಬಾಯಿ,
ಅವ್ಳಿಗೆ ಕಣ್ಣೂರಿಂದ ಕಲ್ಲು ಕೀಳೋಕೆ ಬಂದ ಮಾಪಿಳ್ಳೆ,
ಅವ್ನಿಗೆ ಯಾರೋ, ಯಾವ ಹಡಗಿಂದ ಇಳಿದವ್ನೋ.
ಎಲ್ಲಾರ್ದೂ ಹಾಕ್ಕೋ."
ಹೆಬ್ಬೆಟ್ಟಿಗೆ ಶಾಯಿ ತಾಗಿಸಿಕೊಳ್ಳುತ್ತ,
"ಪಾಲು ಬೇಡ ಅಂದಿಲ್ಲ ಮತ್ತೆ ನಾನು."

ಒತ್ತಿದ ಗುರುತಿನಲ್ಲಿ ಗೆರೆಗಳಿಗಿಂತ ಗಾಯದ ಕಲೆಯೇ ಹೆಚ್ಚು.
ಆಮೇಲೆ ಅವಳೊಂದು ಕೇಳಿದಳು:
ಆ ಥಂಡಿ ದೇಶದಲ್ಲಿ ಕಲ್ಲು ಕೀಳೋರು ಯಾರು,
ಅವ್ರ ಕೈಯೂ ಸೀಳ್ತದ?

ಬರೆದೆ. ಆಮ್ಲ, ಉಷ್ಣತೆ, ಒಪ್ಪಂದದ ಕರಡು
ಎಲ್ಲದಕ್ಕೂ ಅದೇ ದಿನ ಉತ್ತರಿಸುವ ಟೂರಿಡ್
ಇದಕ್ಕೆ ಒಂಬತ್ತು ದಿನ ತೆಗೆದುಕೊಂಡಳು.
ಬಂದದ್ದು ಬರೀ ಒಂದು ಫೋಟೋ.
ಅವಳ ಚಿಕ್ಕಪ್ಪನ ಬಲಗೈ, ಉಣ್ಣೆಯ ತೋಳಿನಿಂದ ಹೊರಗೆ,
ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿಳಿ ಸೀಳು.

ಬೀರಮ್ಮ ಫೋನನ್ನು ದೂರ ಹಿಡಿದಳು, ಹತ್ತಿರ ತಂದಳು,
ಪಕ್ಕದಲ್ಲಿ ತನ್ನ ಎಡ ಅಂಗೈ ಬಿಚ್ಚಿಟ್ಟಳು.
ಉಬ್ಬರ ಏರುತ್ತಿತ್ತು, ಮೂಲೆಯ ಬಂಡೆ ಅರ್ಧ ಮುಳುಗಿತ್ತು.

"ಎಡಚ," ಅಂದಳು.
"ಕತ್ತಿ ತನ್ನ ಕಡೆಗೇ ಎಳೀತಾನೆ.
ಹಾಂಗಲ್ಲ, ಹೊರಗೆ ತಳ್ಳಬೇಕು. ಬರೆ."

ಬರೆಯುತ್ತಿದ್ದೇನೆ.
ತಳ್ಳುವುದಕ್ಕೆ ಅವರ ಭಾಷೆಯಲ್ಲಿ ಯಾವ ಪದವೋ.