ರೊಟ್ಟಿಯಂಗಡಿಯ ಸಾಕ್ಷಿ

ನರಿನ್ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ
ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕ
ಒಂದು ಸರ್ವರು.
ನದಿಯಾಚೆ, ಹಳೇ ಅಂಚೆ ಕಚೇರಿಯಲ್ಲಿ ಅದರ ಜೋಡಿ.
ಎರಡು ಸೆಕೆಂಡಿಗೊಮ್ಮೆ ಇದು ಕೇಳುತ್ತದೆ: ಇದ್ದೀಯಾ?
ಅದು ಅನ್ನುತ್ತದೆ: ಇದ್ದೇನೆ.
ಹಗಲೂ ಇರುಳೂ ಇಷ್ಟೇ ಮಾತು.
ಹಳೇ ದಂಪತಿಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಕಾಯುವವಳು ನಾನು. ಊರಿಗೆ ಜಿಪಾರ್ ಎಝೆ, ಅಂದರೆ ಅಕ್ಕ.
ಸಂಬಳದ ಪಟ್ಟಿಯಲ್ಲಿ: ಗುಮಾಸ್ತೆ, ಅರ್ಧ ದಿನ.
ಉಳಿದರ್ಧ ದಿನಕ್ಕೂ ಇಡೀ ರಾತ್ರಿಗೂ
ಹೆಸರಿಲ್ಲ.

ಬಿಷ್ಕೆಕ್‌ನಿಂದ ಬಂದ ಅಧಿಕಾರಿ ಕೇಳಿದ:
ದೂರದ ದೊಡ್ಡ ಕಂಪನಿಗೆ ಬಾಡಿಗೆ ಕಟ್ಟಿ
ನಿಶ್ಚಿಂತೆಯಾಗಿ ಮಲಗಬಾರದೇ?
ಡೊಲೊನ್ ಕಣಿವೆಯಲ್ಲಿ ಹಿಮ ಜಾರಿ ಕೇಬಲ್ಲು ಕಡಿದರೆ
ನಾಲ್ಕು ದಿನ ನಮಗೆ ಹೊರಲೋಕವಿಲ್ಲ ಸ್ವಾಮಿ,
ಬಸುರಿಯರಿಗೆ ಮಾತ್ರ ದಿನ ತುಂಬುತ್ತಲೇ ಇರುತ್ತದೆ.
ಅವನು ಚಹಾ ಕುಡಿದು ಹೋದ.

ಮೊದಲು ಚಳಿಗೆ ಬ್ಯಾಟರಿ ಸತ್ತಿತು. ಬದಲಿಸಿದೆ, ಡಿಸ್ಕು ಹೋಯಿತು.
ಡಿಸ್ಕು ಹಾಕಿದೆ, ಫ್ಯಾನು ನಿಂತಿತು. ಫ್ಯಾನು ತಿರುಗಿತು;
ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂದು
ಮತ್ತೆ ಬ್ಯಾಟರಿ.
ಮೂರು ವರ್ಷ ತಪ್ಪದೆ ತೆಗೆದಿಟ್ಟ ಪ್ರತಿಗಳು
ಬೇಕಾದ ದಿನ ಊಟಕ್ಕಿಲ್ಲದ ಉಪ್ಪಿನಕಾಯಿ:
ಎಲ್ಲ ಕಡತ, ಎಲ್ಲ ತಾರೀಕು, ಒಳಗೆ ಸೊನ್ನೆ.

ಇವೆಲ್ಲ ಸಾವುಗಳು. ಸಾವು ಸುಲಭ.
ಒಂದು ಬಿದ್ದರೆ ಇನ್ನೊಂದು ಏಳುತ್ತದೆ, ಅದಕ್ಕೇ ಎರಡು.
ಫೆಬ್ರವರಿಯ ಆ ರಾತ್ರಿ ಯಾವುದೂ ಸಾಯಲಿಲ್ಲ.
ಸೇತುವೆಯ ಮೇಲೆ ಟ್ರಕ್ಕೊಂದು ಜಾರಿ ತಂತಿ ಹರಿಯಿತು, ಅಷ್ಟೆ.
ಇದು ಕೇಳಿತು: ಇದ್ದೀಯಾ?
ಅದೂ ಕೇಳಿತು: ಇದ್ದೀಯಾ?
ಆಮೇಲೆ, ಆ ದಡ ಸತ್ತಿತೆಂದು ಈ ದಡ
ಈ ದಡ ಸತ್ತಿತೆಂದು ಆ ದಡ
ಯಜಮಾನಿಕೆ ವಹಿಸಿಕೊಂಡವು,
ಶ್ರದ್ಧೆಯಿಂದ, ನಿಯಮ ಮೀರದೆ.
ಮನೆಯೊಂದು ಮೂರು ಬಾಗಿಲು ಅನ್ನುತ್ತಾರೆ.
ಎರಡೇ ಸಾಕು.

ಇಲ್ಲಿ ಬಕ್ತಿಗುಲ್‌ಗೆ ಮಗಳು.
ಆಚೆ ದಡದ ಪುಟ್ಟ ವಾರ್ಡಿನಲ್ಲಿ ಉರ್ನಿಸಾಗೆ ಮಗ.
ಇಬ್ಬರಿಗೂ ಒಂದೇ ಸಂಖ್ಯೆ: ೪೧೧೭.
ಮೂರನೇ ದಿನ ತಂತಿ ಕೂಡಿತು. ಸರ್ವರುಗಳು ಪಟ್ಟು ಹಿಡಿದವು,
ನನ್ನ ೪೧೧೭ ನಿಜ, ನನ್ನದು ನಿಜ.
ಕಾಮಾಲೆ ಎಂದಿತ್ತು ಪರದೆಯಲ್ಲಿ. ಯಾರಿಗೆ?
ದಾದಿ ಅಸಿಪಾ ಗಾಡಿ ಹತ್ತಿ ನದಿ ದಾಟಿದಳು,
ಹುಡುಗನ ಅಂಗಾಲು ಒತ್ತಿ ನೋಡಿ
ನೀಲಿ ದೀಪದ ಕೆಳಗೆ ಮಲಗಿಸಿದಳು.
ನಾನು ಗೆರೆ ಎಳೆದ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ,
ಹನ್ನೊಂದು ಜೋಡಿ ಬಿಡಿಸುತ್ತ ಕೂತೆ.

ಇಬ್ಬರ ನಡುವೆ ಮೂರನೆಯವರು ಬೇಕು.
ದುಡಿಯಬೇಕಿಲ್ಲ, ಏನೂ ನೆನಪಿಡಬೇಕಿಲ್ಲ,
ಯಾರಿದ್ದಾರೆ ಅಂತ ಹೇಳಿದರೆ ಸಾಕು.
ಎಂಥ ರಾತ್ರಿಗೂ ಆರದ ದೀಪವೊಂದನ್ನು ಊರೆಲ್ಲ ಹುಡುಕಿದೆ.
ಶಾಲೆ, ಬ್ಯಾಂಕು, ಪೊಲೀಸು ಠಾಣೆ. ಇಲ್ಲ.
ತುರ್ದುಬಾಯನ ರೊಟ್ಟಿಯಂಗಡಿ!
ಮೂರು ಗಂಟೆಗೆ ತಂದೂರು ಹೊತ್ತಿಸುತ್ತಾನೆ,
ಕರೆಂಟು ಹೋದರೆ ಜನರೇಟರು. ಹುದುಗಿದ ಹಿಟ್ಟು ಯಾರಿಗೂ ಕಾಯುವುದಿಲ್ಲ.
ಛಾವಣಿಯಿಂದ ಎರಡು ದಡವೂ ಕಾಣುತ್ತದೆ; ಅಲ್ಲೊಂದು ಆಂಟೆನಾ.
ಅಂಗೈಯಗಲದ ಯಂತ್ರ, ಉಪ್ಪಿನ ಚೀಲದ ಮೇಲಿನ ಹಲಗೆಯಲ್ಲಿ.
ಬಾಡಿಗೆ: ಅವನ ತಾಯಿಯ ಫೋನಿನ ಚಿತ್ರಗಳನ್ನು
ನಾನು ಜೋಪಾನ ಮಾಡಬೇಕು.
ತಿಂಗಳಿಗೊಮ್ಮೆ ಬ್ರಶ್ಶು ಹಿಡಿದು ಹೋಗಿ
ಸಾಕ್ಷಿಯ ಮೂಗಿನೊಳಗಿನ ಹಿಟ್ಟು ಒರೆಸುತ್ತೇನೆ.

ಕಳೆದ ವಾರ ಜ್ವರ ಬಂತು. ಮಂಪರಿನಲ್ಲಿ ಎಣಿಸಿದೆ:
ಸರ್ವರು ಎರಡು, ಡಿಸ್ಕು ನಾಲ್ಕು, ಬ್ಯಾಟರಿ ಆರು,
ಜಿಪಾರ್
ಒಂದು.

ಎದ್ದ ದಿನವೇ ಅಸಿಪಾಳ ಮಗಳು ಚೊಲ್ಪೊನ್‌ಳನ್ನು ಕರೆದೆ.
ಹದಿನೇಳರ ಹುಡುಗಿ. ಪಾಸ್‌ವರ್ಡುಗಳ ಲಕೋಟೆ ಕೈಗಿತ್ತು
ಮೆಟ್ಟಿಲ ಕೆಳಗೆ ಕೂರಿಸಿ,
ಓಡುತ್ತಿರುವ ಈ ಸರ್ವರಿನ ವೈರು ಕೀಳು, ಎಂದೆ.
ಹೆದರಿದಳು. ಕೀಳೇ, ಎಂದೆ.
ಕಿತ್ತಳು.
ಮೇಲೆ ಯಾರೋ ಹೆರುತ್ತಿದ್ದಳು.
ಏಳು, ಎಂಟು, ಒಂಬತ್ತು ಸೆಕೆಂಡು.
ಹನ್ನೊಂದಕ್ಕೆ ನನ್ನ ಫೋನಿನಲ್ಲಿ ಆಚೆ ದಡ ಎದ್ದು ಕೂತಿತು.
ಚೊಲ್ಪೊನ್ ಉಸಿರು ಬಿಟ್ಟಳು. ಮತ್ತೆ ನನ್ನ ಮುಖ ನೋಡಿ,
ಎಝೆ, ಇನ್ನೊಂದು ಸಲ ಕೀಳಲಾ?