ಮೊರದ ಮೂಲೆ

ಮೆರಿಟ್ ಫಂಕ್ಷನ್ ಎಂದು ಹೆಸರು. ಎಣಿಸುವುದು ಮಾತ್ರ
ಬರೀ ತಪ್ಪು.
ಸೊನ್ನೆ ಬಂದರೆ ಫಸ್ಟ್ ಕ್ಲಾಸ್.
ಸೊನ್ನೆ ಎಂದೂ ಬರುವುದಿಲ್ಲ.

ಕಾರಟಗಿಯಲ್ಲಿ, ಸುಬ್ಬರಾಯುಡು ಅವರ ರೈಸ್ ಮಿಲ್ಲಿನ ಅಟ್ಟ.
ಕೀಬೋರ್ಡಿನ ಸಂದುಸಂದಿಗೂ ತೌಡಿನ ಧೂಳು.
ಮೇ ತಿಂಗಳು, ಕಾಲುವೆ ಬಂದ್,
ಫ್ಯಾನು ತಿರುಗಿಸುವುದು ಬಿಸಿಯನ್ನೇ.
ಐದು ಗಾಜಿನ ಒಂದು ಲೆನ್ಸು ಬಿಡಿಸುತ್ತಿದ್ದೇನೆ
ಕೆಳಗಿನ ಕಲರ್ ಸಾರ್ಟರಿನ ಕಣ್ಣಿಗೆ.
ಸುರಿಯುವ ಸೋನಾ ಮಸೂರಿಯಲ್ಲಿ ಕಪ್ಪು ಕಾಳು ಕಂಡೊಡನೆ
ಫುಸ್ ಎಂದು ಗಾಳಿ ಊದಿ ಹೊರಗೆಸೆಯುವ ಯಂತ್ರ.
ಹಳೆಯ ಕಣ್ಣಿಗೆ ಅಂಚಿನಲ್ಲಿ ಮಂಜು.

ಬದಲಿಸಬಹುದಾದ ಸಂಖ್ಯೆ ಹದಿನಾಲ್ಕು: ಬಾಗು, ದಪ್ಪ, ನಡುವಿನ ಗಾಳಿ.
ಒಂದೊಂದನ್ನೂ ಕೂದಲೆಳೆಯಷ್ಟು ಕದಲಿಸಿ
ಗುಮಾಸ್ತರು ಬಿಟ್ಟುಕೊಟ್ಟ ಹಳೇ ಕಂಪ್ಯೂಟರಿನಲ್ಲಿ
ನಾನೇ ಬರೆದ ಪ್ರೋಗ್ರಾಮು, ಮತ್ತೆ ಮೊದಲಿನಿಂದ,
ಹದಿನೈದು ಸಾವಿರ ಕಿರಣ ಹಾಯಿಸಿ
ಎಲ್ಲಿ ಬಿದ್ದವು, ಎಷ್ಟು ತಪ್ಪಿದವು,
ವರ್ಗ ಮಾಡಿ, ಕೂಡಿಸಿ, ಒಂದು ಅಂಕಿ ಹೇಳುತ್ತದೆ.
ಸುತ್ತಿಗೆ ನಾಲ್ಕು ನಿಮಿಷ.
ಸಾವಿರ ಸುತ್ತೆಂದರೆ ಮೂರು ದಿನ.
ಇಲ್ಲಿಯ ಕರೆಂಟು ಮೂರು ದಿನ ಕಾಯುವುದಿಲ್ಲ.

ಮೊದಲು ಕಸ ಗುಡಿಸಿದೆ.
ತೂಕ ಸೊನ್ನೆ ಇಟ್ಟೂ ಪಟ್ಟಿಯಲ್ಲೇ ಮರೆತ ಸಾಲುಗಳು,
ಒಂದೇ ಕಿರಣವನ್ನು ಎರಡೆರಡು ಸಲ ಕೇಳುವ ಸಾಲುಗಳು
(ಬೀಗರು ಊಟ ಆಯ್ತಾ, ಊಟ ಆಯ್ತಾ ಎಂದ ಹಾಗೆ).
ಎಡ ಬಲ ಒಂದೇ ಆದ ಗಾಜು;
ಅರ್ಧ ಎಣಿಸಿದರೆ ಉಳಿದರ್ಧ ಕನ್ನಡಿ.
ನಾಲ್ಕು ನಿಮಿಷ ಒಂದೂವರೆ ಆಯಿತು.

ಚಹಾಕ್ಕೆ ಕೆಳಗಿಳಿದೆ.
ಹುಸೇನಮ್ಮ ಗೋಣಿತಾಟಿನ ಮೇಲೆ ಕೂತಿದ್ದಳು, ಮೊರ ತೊಡೆಗಾನಿಸಿ.
ಯಂತ್ರ ಉಗಿದ ರಾಶಿಯಲ್ಲಿ
ಅವಳು ಹುಡುಕುವುದು ಒಳ್ಳೆಯದನ್ನು.
"ಇಷ್ಟು ಲಗೂನ ಹೆಂಗ ನೋಡ್ತಿ?"
"ಎಲ್ಲಾ ಕಾಳು ನೋಡಕೋಂತ ಕುಂತ್ರ ಹೊತ್ತು ಮುಳಗತೈತ್ಯವ್ವಾ.
ಒಂದೀಟು ನಡಕ, ಒಂದೀಟು ಅದರಾಚಿ, ಒಂದೀಟು ದಂಡಿಗಿ.
ಉಳಿದದ್ದು ತಾನಾ ಹೇಳತೈತಿ."

ಮೂರು ಬಳೆ!
ಎಂದೋ ಓದಿ ಬಿಟ್ಟದ್ದು: ಚೌಕದ ಜಾಲರಿ ಬೇಡ,
ವೃತ್ತದೊಳಗೆ ಮೂರು ಬಳೆ, ಸರಿಯಾದ ಜಾಗ, ಸರಿಯಾದ ತೂಕ,
ಐನೂರು ಕಿರಣದ ಮಾತನ್ನು ಒಂಬತ್ತೇ ಆಡುತ್ತವೆ.
ಚಹಾ ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತಿದೆ.

ಎರಡು ಸೆಕೆಂಡೂ ಇಲ್ಲ.
ಅಂಕಿ ಇಳಿಯಿತು, ಹಗ್ಗ ಜಾರಿದ ಕೊಡದಂತೆ,
0.41, 0.17, 0.06.
ರಾಯುಡು ಅವರಿಗೆ ಫೋನು ಮಾಡಿಯೇಬಿಟ್ಟೆ.

ಆಮೇಲೆ, ರಾತ್ರಿ, ಸುಮ್ಮನೆ,
ಎಲ್ಲ ಹದಿನೈದು ಸಾವಿರವನ್ನೂ ಒಮ್ಮೆ ಹಾಯಿಸಿದೆ.
ಚಿತ್ರದ ಒಂದು ಬದಿಗೆ ಬಾಲ ಮೂಡಿತ್ತು.
ಗಾಜಿನ ಅಂಚು ಬೆಳಕನ್ನು ಕೊಯ್ಯುವ ಕಡೆ
ನನ್ನ ಒಂಬತ್ತರಲ್ಲಿ ಒಂದೂ ಹೋಗಿರಲಿಲ್ಲ.
ಲೆನ್ಸಿಗೆ ಅದು ತಿಳಿದಿತ್ತು:
ನಾನು ನೋಡುವ ಜಾಗ ಗುಡಿಸಿ,
ನೋಡದ ಕಡೆಗೆ ಕಸ ತಳ್ಳಿತ್ತು.

ಬೆಳಿಗ್ಗೆ ಹುಸೇನಮ್ಮನಿಗೆ ಹೇಳಿದೆ. ಎಷ್ಟು ತಿಳಿಯಿತೋ.
ಮೊರ ವಾಲಿಸಿ, ಹೆಣಿಗೆ ತಿರುಗುವ ಮೂಲೆಗೆ ಕಿರುಬೆರಳು ತೂರಿಸಿ
ಒಂದು ಹರಳು ತೆಗೆದಳು.
"ಇಲ್ಲಿ ಯಾವಾಗ್ಲೂ ಕೈ ಆಡಸಬೇಕು."

ಅಂಚಿಗೆ ಎರಡು ಕಿರಣ ಸೇರಿಸಿದೆ.
ಐವತ್ತು ಸುತ್ತಿಗೊಮ್ಮೆ ಪೂರ್ತಿ ಎಣಿಕೆ.
ಎರಡು ಸೆಕೆಂಡು ನಾಲ್ಕಾಯಿತು, ಅಂಕಿ 0.11ಕ್ಕೆ ಏರಿತು.
ಏರಲಿ.

ಈಗ ಮಧ್ಯಾಹ್ನ, ಓಡುತ್ತಿದೆ.
ಹೊಸ ಕಣ್ಣು ಕೂತ ಮೇಲೆ ಯಂತ್ರ ಒಳ್ಳೆಯದನ್ನು ಉಗಿಯುವುದು ಕಡಿಮೆ,
ಹುಸೇನಮ್ಮನ ರಾಶಿ ಸಣ್ಣದು, ಕೂಲಿಯ ದಿನಗಳೂ.
ಅದನ್ನೆಣಿಸುವ ಸಾಲು ನನ್ನ ಪಟ್ಟಿಯಲ್ಲಿಲ್ಲ.
ಬರೆಯಲು ಹೋದರೆ ತೂಕ ಎಷ್ಟಿಡಬೇಕೋ ಗೊತ್ತಿಲ್ಲ.

ನಾನೂರ ಹದಿಮೂರನೇ ಸುತ್ತು. ಕರೆಂಟು ಹೋಯಿತು.
ಮಿಲ್ಲು ನಿಂತಿತು.
ಕೆಳಗಿನಿಂದ ಮೊರದ ಸದ್ದು ಮಾತ್ರ.