ಸವಳು

ಜಗಳೂರಿನ ಬಳ್ಳಾರಿ ಜಾಲಿ. ಮುಳ್ಳು ಸವರಿ,
ಉಗುರಿನಷ್ಟು ಚೂರು ಮಾಡಿ,
ಪೊಟ್ಯಾಸಿಯಂ ಕಾರ್ಬೊನೇಟಿನ ನೀರಲ್ಲಿ
ರಾತ್ರಿಯೆಲ್ಲ ನೆನೆಹಾಕಿದ್ದೆ,
ಅವ್ವ ಹೆಸರುಕಾಳು ನೆನೆಹಾಕುವಂತೆ, ಮೇಲೊಂದು ತಟ್ಟೆ ಮುಚ್ಚಿ.

ಬುತ್ತಿ ತಂದ ಅಪ್ಪ ಲ್ಯಾಬಿನ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ.
ಬೇಡ ಅನ್ನುವಷ್ಟರಲ್ಲಿ ಬೀಕರಿಗೆ ಬೆರಳದ್ದಿ
ಹೆಬ್ಬೆರಳಿಗೆ ತಿಕ್ಕಿ ನೋಡಿದ. ಜಾರಿತು.
"ಇದು ಸವಳಲ್ಲೇನವ್ವ?"

ಹೌದು. ಅಲ್ಲ. ಹೇಗೆ ಹೇಳಲಿ.
ಬಾತಿ ಕೆರೆಯ ಏರಿ ಹಿಂದೆ ಬೇಸಿಗೆಗೆ
ಬೆಳ್ಳಗೆ ಉಕ್ಕುತ್ತಿದ್ದ ಮಣ್ಣು ಕೆರೆದು
ಗೋಣಿ ತುಂಬಿ ಕತ್ತೆಗೆ ಹೇರಿದ ಕೈ ಅದು.
ಮಡಿವಾಳರ ಮಾಚಪ್ಪನ ಬೆರಳಿಗೆ
ಪಿಎಚ್ ಮೀಟರು ಬೇಕಿಲ್ಲ.
"ಸವಳು ಬಟ್ಟೆ ತಿನ್ನಂಗಿಲ್ಲ," ಅಂದ,
"ಬಟ್ಟೆ ಬಿಡೋದನ್ನ ಕೊಳೆಗೆ ಕಲಿಸ್ತೈತಿ, ಅಷ್ಟೆ."
ವೇಗವರ್ಧಕದ ಬಗ್ಗೆ ನಾನು ಮೂರು ಪುಟ ಬರೆದಿದ್ದೆ.

ಉಕ್ಕಿನ ಕೊಳವೆ, ನೈಟ್ರೋಜನ್ನು, ಐನೂರು ಡಿಗ್ರಿ.
ಒಳಗೆ ಗಾಳಿಯಿಲ್ಲ, ಹಾಗಾಗಿ ಜ್ವಾಲೆಯಿಲ್ಲ:
ಕಟ್ಟಿಗೆ ಉರಿಯದೆಯೇ ಬಿಚ್ಚಿಕೊಳ್ಳಬೇಕು.
ನಡುವೆ ಎರಡು ಸಲ ಕರೆಂಟು ಹೋಯಿತು.
ಬರೀ ಕಟ್ಟಿಗೆ ಮುನ್ನೂರೈವತ್ತರವರೆಗೂ ಹಿಡಿದಿಟ್ಟ ಹೊಗೆಯನ್ನು
ನೆನೆದ ಕಟ್ಟಿಗೆ ಮುನ್ನೂರಕ್ಕೇ ಬಿಟ್ಟುಕೊಟ್ಟಿತು.

ಹಾಲಸ್ವಾಮಿ ಸರ್ ಕೇಳಿದ್ದು ಎಣ್ಣೆ.
ಮಂಜುಗಡ್ಡೆಯಲ್ಲಿ ಕೂತ ಬುಡ್ಡಿಗೆ ಇಳಿದದ್ದು
ಕೆಮ್ಮಿನ ಔಷಧಿಯ ಮುಚ್ಚಳದಷ್ಟು ಕಂದು ನೀರು,
ಹುಳಿವಾಸನೆಯೂ ಅರೆಬರೆ.
ಉಳಿದದ್ದೆಲ್ಲ ಗಾಳಿ, ಮತ್ತೆ ಇದ್ದಿಲು.
"ಎಣ್ಣೆ ಎಲ್ಲಮ್ಮ? ಕ್ಷಾರ ಜಾಸ್ತಿಯಾಗಿದೆ."
ಕಡಿಮೆ ಮಾಡಿದೆ. ಏಳು ಸಲ ಮಾಡಿದೆ.
ಏಳು ಸಲವೂ ಇದ್ದಿಲು.

ಎಸೆಯಲು ಮನಸ್ಸಾಗದೆ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮನೆಗೊಯ್ದೆ.
ಬೆಳಗ್ಗೆ ಪಿ.ಜೆ. ಬಡಾವಣೆಯ ಹೊಂಗೆ ಮರದಡಿ ಅಪ್ಪ
ಹಿತ್ತಾಳೆ ಇಸ್ತ್ರಿಪೆಟ್ಟಿಗೆಯ ಬಾಯಿ ತೆರೆದು ಸುರಿದ.
ಸೀಮೆಎಣ್ಣೆ ಇಲ್ಲ, ಊದುಗೊಳವೆ ಇಲ್ಲ,
ಒಂದೇ ಕಡ್ಡಿಗೆ ಹೊತ್ತಿಕೊಂಡಿತು,
ಕರೆಯುವುದನ್ನೇ ಕಾಯುತ್ತಿದ್ದವರ ಹಾಗೆ.
ಅಪ್ಪ ನನ್ನ ಕಡೆ ನೋಡಲಿಲ್ಲ. ಪೆಟ್ಟಿಗೆಯನ್ನೇ ನೋಡಿದ.
"ಎಂಥ ಜಾಲಿಲೇ ಇದು!"

ಗಂಟಿನ ಮೇಲಿದ್ದದ್ದು ಸರ್ ಮನೆಯ ಅಂಗಿ, ನೀಲಿ ಗೆರೆಯದು.
ತೋಳಿನ ಮಡಿಕೆ ಬ್ಲೇಡಿನಂತೆ ನಿಂತಿತು.

ಸಂಜೆ ಬೂದಿ ಕೊಡವಿ, ಎರಡು ಹನಿ ನೀರು ಚಿಮುಕಿಸಿ
ಮತ್ತೆ ಬೆರಳು ತಿಕ್ಕಿದ.
"ನೋಡು, ಇನ್ನೂ ಇಲ್ಲೇ ಐತಿ."
ನಾನೂ ತಿಕ್ಕಿದೆ. ಜಾರಿತು.

ನೋಟುಬುಕ್ಕಿನಲ್ಲಿ ಇದಕ್ಕೊಂದು ಕಾಲಂ ಎಳೆಯಬೇಕು.
ಸ್ಕೇಲು ಎಲ್ಲಿಟ್ಟೆನೋ.